ತೋಪಿಗೊಂದು ಬಾಲ

ನೇರವಾಗಿ ಹೋಗಿ ನೇರವಾಗಿ ಬರುವ ವಿದ್ಯೆ ನನಗೆ ಒಲಿದಿಲ್ಲ. ಬಸವೇಶ್ವರನಗರದ ನಮ್ಮ ಮನೆಯಿಂದ ಕೊತ್ತಂಬರಿ ಸೊಪ್ಪಿಗೆಂದು ಹೊರಟರೆ, ಹೂವಿನವಳ ಮಗಳ ನೆಗಡಿ ವಿಚಾರಿಸಿ, ಎದುರು ಮನೆಯ ದಾಸವಾಳಕ್ಕೆ ಹತ್ತಿದ ಬಿಳಿ ಹುಳದ ಬಗ್ಗೆ ನಿಂತು ಮಾತಾಡಿ, ಕೊನೆಗೆ ಕೊತ್ತಂಬರಿ ಮರೆತು ಕರಿಬೇವು ತರುತ್ತೇನೆ. ಕಾನ್ವೆಂಟಿನಲ್ಲೂ ಹೀಗೇ. ಭೂಗೋಳದ ಸಿಸ್ಟರ್ ನನ್ನ ನಕ್ಷೆಯನ್ನು ಇಡೀ ಕ್ಲಾಸಿಗೆ ಎತ್ತಿ ಹಿಡಿದು, "ಇವಳ ಕಾವೇರಿ ಎಲ್ಲ ಊರಿಗೂ ಹೋಗಿದ್ದಾಳೆ, ಸಮುದ್ರಕ್ಕೊಂದು ಹೋಗಿಲ್ಲ" ಎಂದಿದ್ದರು. ಅಂಥ ನನ್ನ ಪಾಲಿಗೆ ಗಡಿ ಗುರುತಿಸುವ ಕೆಲಸ ಬಂತು.

ನಮ್ಮ ಯಜಮಾನರಿಗೆ ನಾಯಂಡಹಳ್ಳಿಯಲ್ಲಿ ಒಂದು ವರ್ಕ್‌ಶಾಪ್ ಇದೆ. ಮರದ ಸೌಟು, ಲಟ್ಟಣಿಗೆ, ಮಗುಚುವ ಕೈ ಮಾಡಿಸುತ್ತಾರೆ. ಹೆಚ್ಚಿನ ಮಾಲು ಜರ್ಮನಿಯ ಒಂದು ಅಂಗಡಿಗೆ ಹೋಗುತ್ತದೆ. ಆ ಅಂಗಡಿಯಿಂದ ಮೋನಿಕಾ ಎಂಬುವವರು ಮೇಲ್ ಕಳಿಸಿದ್ದರು: ಯುರೋಪಿನಲ್ಲಿ ಹೊಸ ಕಾನೂನು ಬರುತ್ತಿದೆ, ಕಾಡು ಕಡಿದ ಜಾಗದ ಮರ ನಾವು ಕೊಳ್ಳುವಂತಿಲ್ಲ, ನಿಮ್ಮ ಸೌಟಿನ ಮರ ಯಾವ ಜಮೀನಿನಲ್ಲಿ ಬೆಳೆಯಿತೆಂದು ನಕ್ಷೆಯಲ್ಲಿ ತೋರಿಸಿ, ಇಲ್ಲದಿದ್ದರೆ ಮುಂದಿನ ಆರ್ಡರ್ ಕೊಡಲಾಗದು. ಅಂದು ಊಟಕ್ಕೆ ಕೂತ ಯಜಮಾನರು ಸಾರಿನ ಪಾತ್ರೆಯಲ್ಲಿ ಸೌಟು ಆಡಿಸುತ್ತಲೇ ಇದ್ದರು, ಬಡಿಸಿಕೊಳ್ಳಲಿಲ್ಲ. "ಆರ್ಡರ್ ನಿಂತ್ರೆ ಹುಡುಗ್ರನ್ನ ಊರಿಗೆ ಕಳಿಸ್ಬೇಕಾಗತ್ತೆ ಕಣೇ. ನೀನು ಕಾನ್ವೆಂಟಲ್ಲಿ ಓದಿರೋಳು, ಸ್ವಲ್ಪ ನೋಡು" ಎಂದರು. ಹುಡುಗರೆಂದರೆ ಕೊಪ್ಪಳದ ಕಡೆಯಿಂದ ಬಂದು, ವರ್ಕ್‌ಶಾಪಿನ ಹಿಂದಿನ ಬೀದಿಯಲ್ಲೇ ಮನೆ ಮಾಡಿಕೊಂಡು, ಈಚೆಗಷ್ಟೇ ಮಕ್ಕಳನ್ನು ಇಲ್ಲಿನ ಶಾಲೆಗೆ ಸೇರಿಸಿದವರು.

ನಮಗೆ ಮರ ಕೊಡುವವರು ಮಾಗಡಿ ಕಡೆಯ ನಂಜೇಗೌಡರು. ಅವರದೇ ಸಿಲ್ವರ್ ಓಕ್ ತೋಪು. ಫೋನ್ ಮಾಡಿ ತೋಪಿನ ಲೊಕೇಶನ್ ಕೇಳಿದೆ. "ಅದಕ್ಕೇನಮ್ಮ, ಈಗ್ಲೇ ಹಾಕ್ತೀನಿ" ಎಂದು ಲೈವ್ ಲೊಕೇಶನ್ ಹಾಕಿಯೇ ಬಿಟ್ಟರು. ನೋಡಿದರೆ ತೋಪು ಮಾಗಡಿ ರಸ್ತೆಯಲ್ಲಿ ಬರುತ್ತಿದೆ. ಸುಂಕದಕಟ್ಟೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿತು, ಬಿಡಿಸಿಕೊಂಡು ಹೊರಟಿತು, ಕುರುಬರಹಳ್ಳಿಯ ಒಂದು ಬೀದಿಗೆ ಬಂದು ತಂಗಿತು. ಗೌಡರು ಮಗಳ ಮನೆಗೆ ಬಂದಿದ್ದರಂತೆ. "ನೀವೆಲ್ಲಿದೀರ ಅಂತಲ್ಲ ಗೌಡ್ರೇ, ಮರ ಎಲ್ಲಿದೆ ಅಂತ" ಎಂದೆ. "ಮರ ಅಲ್ಲೇ ಐತೆ ಕಣಮ್ಮ, ಎಲ್ಲಿಗೋಯ್ತದೆ. ನೀವೇ ಬಂದು ನೋಡಿ" ಎಂದರು. ಈ ಕಥೆ ಹೇಳಿ ಹೇಳಿ ಮನೆಗೆ ಬಂದವರನ್ನೆಲ್ಲ ನಗಿಸಿದೆ.

ಭಾನುವಾರ ಇಬ್ಬರೂ ಹೋದೆವು. ಮೊಬೈಲ್ ಹಿಡಿದು ತೋಪಿನ ಅಂಚಿನುದ್ದಕ್ಕೂ ನಡೆದರೆ ಅದೇ ಗೆರೆ ಎಳೆದುಕೊಳ್ಳುತ್ತದೆ. ಹೊರಟ ಜಾಗಕ್ಕೇ ಬಂದು ಮುಟ್ಟಿದರೆ ನಕ್ಷೆ ಸಿದ್ಧ. ಯಜಮಾನರು ಗೌಡರ ಜೊತೆ ಮಾತಿಗೆ ನಿಂತರು, ನಾನು ನಡೆದೆ. ಗಾಳಿಗೆ ಎಲೆಗಳು ತಿರುಗಿ ಬೆಳ್ಳಿಯ ಬೆನ್ನು ತೋರಿಸುತ್ತಿದ್ದವು. ಕಡಿದ ಬುಡಗಳ ಪಕ್ಕದಲ್ಲೆಲ್ಲ ಮೊಣಕಾಲೆತ್ತರದ ಹೊಸ ಸಸಿಗಳಿದ್ದವು. ಗೌಡರ ಹೆಂಡತಿ ಜಯಮ್ಮ ಹಿತ್ತಲಿನಿಂದ ಕೂಗಿದರು: "ಬಿಸ್ಲಲ್ಲಿ ಯಾಕವ್ವ ಸುತ್ತುತೀರ, ಬನ್ನಿ ಮಜ್ಜಿಗೆ ಕುಡೀರಿ."

"ಅಳತೆ ತಗೋತಾ ಇದೀನಕ್ಕ."

"ಮಜ್ಜಿಗೆ ಕುಡಿದ್ಮೇಲೂ ಅಷ್ಟೇ ಅಳತೆ ಇರ್ತದೆ ಬನ್ನಿ."

ಹೋದೆ. ಮಜ್ಜಿಗೆ ಕುಡಿದೆ, ಮಲ್ಲಿಗೆ ಚಪ್ಪರವನ್ನು ಒಂದು ಸುತ್ತು ಹಾಕಿದೆ, ಕೊಟ್ಟಿಗೆಗೆ ಹೋಗಿ ಹೊಸ ಕರುವಿನ ಹಣೆಯ ಬಿಳಿ ಬೊಟ್ಟು ನೋಡಿದೆ. ಆಮೇಲೆ ಬಿಟ್ಟಲ್ಲಿಗೇ ಬಂದು ಗಡಿ ಮುಗಿಸಿ, ರಾತ್ರಿ ಹೆಮ್ಮೆಯಿಂದ ನಕ್ಷೆ ಕಳಿಸಿದೆ.

ಮೋನಿಕಾ ಉತ್ತರ ಬರೆದರು. ಮಿಕ್ಕಿದ್ದೆಲ್ಲ ಸರಿಯಿದೆ, ಆದರೆ ತೋಪಿನ ಒಂದು ಮೂಲೆಯಿಂದ ಉದ್ದನೆಯ ಬಾಲ ಹೊರಟು, ತುದಿಯಲ್ಲಿ ಎರಡು ಸುತ್ತು ಸುತ್ತಿಕೊಂಡಿದೆ, ಅಲ್ಲೂ ಮರ ಬೆಳೆಸಿದ್ದೀರಾ ಎಂದು ವಿನಯದಿಂದ ಕೇಳಿದ್ದರು. ಯಜಮಾನರು ನಕ್ಷೆಯನ್ನು ಹಿಗ್ಗಿಸಿ ನೋಡಿದರು. "ಇದು ಜಯಮ್ಮನ ಹಿತ್ತಲು ಅಲ್ವೇನೇ? ಗೌಡ್ರ ತೋಪು ಊರೆಲ್ಲ ಓಡಾಡ್ತು ಅಂತ ನಗ್ತಿದ್ದೋರು ಯಾರೋ" ಎಂದರು. ನಾನು, ಜೀವನದಲ್ಲಿ ಅದೊಂದೇ ಸಲವಿರಬೇಕು, ಸುತ್ತಿ ಬಳಸದೆ "ಅದು ಮಜ್ಜಿಗೆ" ಎಂದು ಉತ್ತರ ಬರೆದೆ.

ಮತ್ತೊಂದು ಭಾನುವಾರ, ಯಜಮಾನರನ್ನು ಕಾವಲಿಗೆ ಹಿಂದಿಟ್ಟುಕೊಂಡು, ಕರುವಿನ ಕಡೆ ತಿರುಗಿಯೂ ನೋಡದೆ ನಡೆದೆ. ಹೊಸ ನಕ್ಷೆಗೆ ಒಪ್ಪಿಗೆ ಸಿಕ್ಕಿತು, ಆರ್ಡರ್ ಬಂತು, ಹುಡುಗರ ಮಕ್ಕಳು ಅದೇ ಶಾಲೆಗೆ ಹೋಗುತ್ತಿದ್ದಾರೆ. ಆರ್ಡರಿನ ಕೊನೆಯಲ್ಲಿ ಮೋನಿಕಾ ಒಂದು ಸಾಲು ಸೇರಿಸಿದ್ದರು: ಆ ಮರಗಳನ್ನು ನೋಡಲು ಒಮ್ಮೆ ಬರಬೇಕೆಂದಿದ್ದೇನೆ, ದಾರಿ ಕಳಿಸುತ್ತೀರಾ? ಯಜಮಾನರು ಸ್ನಾನಕ್ಕೆ ಹೋದಾಗ, ಬಾಲವಿದ್ದ ನಕ್ಷೆಯನ್ನೇ ಕಳಿಸಿದೆ. ಸಿಸ್ಟರ್ ಕಂಡಿದ್ದರೆ ಇದನ್ನೂ ಎತ್ತಿ ಹಿಡಿಯುತ್ತಿದ್ದರೋ ಏನೋ.