ಖಂಡಿಸಲಾಗದ ಗಿಟಾರು

ಹೆದರಿಕೆಗಳಲ್ಲಿ ಮಾನವಂತ ಹೆದರಿಕೆ, ಮಾನಗೇಡಿ ಹೆದರಿಕೆ ಎಂದು ಎರಡು ಜಾತಿ. ಚೇಳಿಗೆ, ಹಾವಿಗೆ, ಶಾಲೆಯ ಇನ್‌ಸ್ಪೆಕ್ಟರರಿಗೆ ಹೆದರುವುದು ಮಾನವಂತರ ಲಕ್ಷಣ. ನಾಲ್ಕು ಜನರೆದುರು ಹೇಳಿಕೊಂಡರೆ ಅವರೂ ತಮ್ಮ ಚೇಳಿನ ಕಥೆ ತೆಗೆಯುತ್ತಾರೆ. ನನ್ನದು ಎರಡನೆಯ ಜಾತಿಯದು. ಏನಾದರೂ ಒಂದು ನನಗೆ ಇಷ್ಟವಾಗಿಬಿಟ್ಟರೆ ಮುಂದೇನು ಗತಿ ಎಂದು ನಾನು ಹೆದರುತ್ತೇನೆ. ದೆವ್ವಕ್ಕೆ ಹೆದರಿದವನಲ್ಲ. ಆಡಕಿ ಎಂಬ ಹಳ್ಳಿಯಲ್ಲಿ ದೆವ್ವವಿದೆ ಎನ್ನುತ್ತಿದ್ದ ಹುಣಸೆಮರದ ಕೆಳಗೆ ಒಂದು ಅಮಾವಾಸ್ಯೆ ಮಲಗಿ ಎದ್ದು, ಬೆಳಿಗ್ಗೆ ದೆವ್ವದ ಪಕ್ಷದವರನ್ನೆಲ್ಲ ಸಾಲಾಗಿ ನಿಲ್ಲಿಸಿ ಮಾತಿನಲ್ಲಿ ಕೆಡವಿ ಬಂದವನು. ಅಂಥವನು ಒಂದು ಗಿಟಾರಿಗೆ ಹೆದರಿ ಬೆವೆತ ಕಥೆ ಇದು.

ಸೇಡಂನಲ್ಲಿ ಓದುವಾಗ ನಮಗೆ ಚರ್ಚೆ ಕಲಿಸಿದ ಮಾಸ್ತರರದು ಒಂದೇ ಸೂತ್ರ. "ಎದುರಿನವ ಆಡಿದ ಮಾತು ಮೊದಲ ಅವನಕಿಂತ ಚೊಲೋ ಹೇಳು. ಒಂದಕ್ಷರ ಬಿಡಬ್ಯಾಡ. ಆಮ್ಯಾಲ ಕಡಿ." ಈ ಸೂತ್ರ ಹಿಡಿದು ನಾನು ಗೆದ್ದ ಕಪ್ಪುಗಳು ಮನೆಯಲ್ಲಿ ಬೇಳೆ ಅಳೆಯಲು ಇಂದಿಗೂ ಉಪಯೋಗಕ್ಕೆ ಬರುತ್ತಿವೆ. ಅಭಿಮಾನಿಗಳೆಂದರೆ ನನಗೆ ವಿಶೇಷ ಹಸಿವು. ಚಿಂಚೋಳಿಯ ನನ್ನ ಚಿಕ್ಕಪ್ಪನ ಮಗ ಒಬ್ಬ ಸಿನಿಮಾ ನಟನ ಪಟವನ್ನು ದೇವರ ಜಗಲಿಯಲ್ಲಿಟ್ಟು ಊದಿನಕಡ್ಡಿ ಹಚ್ಚುತ್ತಿದ್ದ. ಒಂದು ಮಧ್ಯಾಹ್ನ ಪೂರ್ತಿ ಅವನೊಡನೆ ವಾದಿಸಿದೆ. ಸಂಜೆಗೆ ಅವನು ಸೋತು ಪಟ ಇಳಿಸಿದ. ಆದರೆ ವಾದದ ರಭಸದಲ್ಲಿ ಪಕ್ಕದ ದೇವರನ್ನೂ ಇಳಿಸಿಬಿಟ್ಟ. ಚಿಕ್ಕಮ್ಮ ಅಂದಿನಿಂದ ನನ್ನೊಡನೆ ಮಾತು ಬಿಟ್ಟಿದ್ದಾಳೆ.

ಕೆಲಸ ಸಿಕ್ಕಿದ್ದು ವಾಡಿಯ ಶಾಲೆಯಲ್ಲಿ. ನಾನು ಸೇರಿದ ವರ್ಷವೇ ಅಲ್ಲಿನ ರೈಲ್ವೆ ಕ್ಲಬ್ಬಿನಲ್ಲಿ ಚರ್ಚಾಸ್ಪರ್ಧೆ ಇಟ್ಟರು. ವಿಷಯ: ರಾಕ್ ಸಂಗೀತ ಯುವಜನರಿಗೆ ಮಾರಕ. ಅದುವರೆಗೆ ರಾಕ್ ಸಂಗೀತವನ್ನು ನಾನು ಒಮ್ಮೆಯೂ ಕೇಳಿರಲಿಲ್ಲವಾದ್ದರಿಂದ ನನ್ನ ಅಭಿಪ್ರಾಯ ಬಹಳ ಗಟ್ಟಿಯಾಗಿತ್ತು. ಮಾರಕವೆಂದು ಸಾಬೀತುಪಡಿಸಿ ಕಪ್ಪು ಹಿಡಿದು ಕುರ್ಚಿಗೆ ಬಂದು ಕೂತೆ. ಆಗ ಸಭೆಯ ರಂಜನೆಗೆಂದು ಲೋಕೋ ಶೆಡ್ಡಿನಲ್ಲಿ ಇಂಜಿನ್ನು ಒರೆಸುವ ಖಲಾಸಿಯೊಬ್ಬ ವೇದಿಕೆ ಹತ್ತಿದ. ರಾವೂರಿನ ಹುಡುಗ, ಹೆಸರು ಮಾಣಿಕ. ಊರು ಬಿಟ್ಟು ಹೋದ ಆಂಗ್ಲೋ ಇಂಡಿಯನ್ ಗಾರ್ಡ್ ಒಬ್ಬರು ಕೊಟ್ಟುಹೋದ ಕರೆಂಟಿನ ಗಿಟಾರು, ಅದರ ವೈರು ನಮ್ಮ ಭಾಷಣದ ಲೌಡ್‌ಸ್ಪೀಕರಿಗೇ. ಒಮ್ಮೆ ತಂತಿ ಮೀಟಿದ್ದಕ್ಕೆ ಕಿಟಕಿಯ ಗಾಜು ನಡುಗಿತು, ನನ್ನ ತೊಡೆಯ ಮೇಲಿನ ಕಪ್ಪೂ ಗುಂಯ್‌ಗುಟ್ಟಿತು. ಆಮೇಲೆ ಹಾಡಿದ. ತಾನೇ ಕಟ್ಟಿದ ಹಾಡು, ನಮ್ಮದೇ ಮಾತು:

ಸಿಗ್ನಲ್ ಬಿದ್ದದ ನನಗ ಹೋಗಲಿಕ್ಕ,
ಹೋಗೋ ಊರಿನ ಹೆಸರ ಗೊತ್ತಿಲ್ಲ.

ನನ್ನ ತೋಳಿನ ಕೂದಲು ಎದ್ದು ನಿಂತವು. ಚಳಿ ಎಂದುಕೊಂಡೆ, ವಾಡಿಯಲ್ಲಿ ಅಂದು ಕಲ್ಲು ಸಿಡಿಯುವ ಬಿಸಿಲು. ಜ್ವರ ಎಂದುಕೊಂಡೆ, ಹಣೆ ಮುಟ್ಟಿದರೆ ತಣ್ಣಗಿತ್ತು. ಉಳಿದದ್ದು ಒಂದೇ ಸಾಧ್ಯತೆ. ನಾನು ಅಭಿಮಾನಿಯಾಗಿಬಿಟ್ಟಿದ್ದೆ, ಅದೂ ಮಾರಕವೆಂದು ಸಾಬೀತುಪಡಿಸಿ ಗೆದ್ದ ಕಪ್ಪು ಇನ್ನೂ ತೊಡೆಯ ಮೇಲಿರುವಾಗ.

ಅಂದಿನಿಂದ ನನ್ನದು ಕಳ್ಳನ ಬಾಳು. ಶನಿವಾರ ಸಂಜೆ ಕ್ಲಬ್ಬಿನಲ್ಲಿ ಅವನು ಹಾಡುವ ಹೊತ್ತಿಗೆ ನಾನು ಹಿಂದಿನ ಬೇವಿನ ಮರದ ಬಳಿ ಚಪ್ಪಲಿಯ ಉಂಗುಷ್ಠ ಸರಿಮಾಡುತ್ತ ನಿಂತಿರುತ್ತಿದ್ದೆ. ಅಷ್ಟು ದಿನ ಯಾವ ಚಪ್ಪಲಿಯೂ ಕಿತ್ತುಕೊಂಡಿರಲಾರದು. ಒಮ್ಮೆ ನಮ್ಮ ಹೆಡ್‌ಮಾಸ್ತರರು ಕಂಡು, "ಏನ್ರಿ, ಇಲ್ಲೇನ್ ಮಾಡ್ಲಿಕತ್ತೀರಿ?" ಎಂದರು. "ಗದ್ದಲದಿಂದ ಮಕ್ಕಳ ಅಭ್ಯಾಸಕ್ಕ ಎಷ್ಟು ಹಾನಿ ಅಂತ ನೋಡ್ಲಿಕತ್ತೀನ್ರಿ ಸರ" ಎಂದೆ. "ತಲಿ ಯಾಕ ಅಲ್ಲಾಡಿಸ್ಲಿಕತ್ತೀರಿ ಮತ್ತ?" ಎಂದರು. ನಾನು ವಾದ ಬಿಟ್ಟು ಇನ್ನೊಂದು ಚಪ್ಪಲಿಯನ್ನೂ ಬಿಚ್ಚಿ ನೋಡತೊಡಗಿದೆ. ಜನ್ಮದಲ್ಲಿ ಮೊದಲ ಸಲ.

ಇಷ್ಟರಲ್ಲಿ ಮಾಣಿಕನೇ ಒಂದು ಸಂಜೆ ನನ್ನ ಖೋಲಿಗೆ ಬಂದ. ಬಾಗಿಲಲ್ಲಿ ಅವನನ್ನು ಕಂಡು ಅವಸರದಲ್ಲಿ ಚಪ್ಪಲಿಯನ್ನು ಮಂಚದ ಕೆಳಗೆ ತಳ್ಳಿದೆ. ಮುಖವನ್ನು ಮಾತ್ರ ಪರೀಕ್ಷೆಯ ಮೇಲ್ವಿಚಾರಕನ ಮುಖದಂತೆ ಇಟ್ಟುಕೊಂಡೆ.

"ಮಾಸ್ತರ್ರ, ಮುಂಬೈದಾಗ ಒಂದು ಹೋಟೆಲಿನ್ಯಾಗ ಹಾಡ್ಲಿಕ್ಕ ಕರದಾರ. ಹೋದ್ರ ಇಲ್ಲಿ ನೌಕರಿ ಹೋಗ್ತದ. ಇನ್ನ ಪರ್ಮನೆಂಟ್ ಭಿ ಆಗಿಲ್ಲ."

"ನನಗ್ಯಾಕ ಹೇಳ್ತಿ?"

"ಶೆಡ್ಡಿನಾಗ ಎಲ್ಲರೂ ದೋಸ್ತರು, ಏನ್ ಹಾಡಿದ್ರೂ ವಾಹ್ ಅಂತಾರ. ನೀವೊಬ್ರೇ ಯಾವುದಕ್ಕೂ ಚೊಲೋ ಅನ್ನಂಗಿಲ್ಲಂತ. ಐತವಾರ ನಮ್ಮ ಮನಿಗಿ ಬರ್ರಿ, ಹಾಡ್ತೀನಿ. ನೀವು ಚೊಲೋ ಅಂದ್ರ ಹೋಗ್ತೀನಿ. ಹೊಲಸ ಅಂದ್ರ ಗಿಟಾರ ಅಟ್ಟದ ಮ್ಯಾಲ ಇಡ್ತೀನಿ."

ಮರುದಿನವೇ ಅವನ ತಾಯಿ ಗುಂಡಮ್ಮ ಶಾಲೆಯ ಗೇಟಿನಲ್ಲಿ ನಿಂತಿದ್ದಳು. ಕಲ್ಲು ಗಣಿಯಲ್ಲಿ ದುಡಿದ ಗಂಡ ತೀರಿಕೊಂಡ ಮೇಲೆ ಒಬ್ಬಳೇ ಮಗನನ್ನು ಬೆಳೆಸಿದವಳು. "ಮಾಸ್ತರಪ್ಪಾ, ನಿಂಗ ಯಾವ ಕಡಿಂದ ಬೇಕಾದ್ರೂ ಮಾತಾಡ್ಲಿಕ್ಕ ಬರ್ತದಂತ. ಜರಾ ನನ್ನ ಕಡಿಂದ ಮಾತಾಡು. ಅವ ಹ್ವಾದ್ರ ನಾ ಯಾರ ಮಾರಿ ನೋಡ್ಲಿ?" ಎಂದಳು. ಹೂಂ ಎಂದೆ.

ಭಾನುವಾರದವರೆಗೆ ಎರಡೂ ಕಡೆಯ ವಾದವನ್ನು ತೂಗಿ ನೋಡಿದೆ. ಚೊಲೋ ಎಂದರೆ ಗುಂಡಮ್ಮನ ಶಾಪ. ಹೊಲಸು ಎಂದರೆ ಗಿಟಾರು ಅಟ್ಟಕ್ಕೆ. ಆಮೇಲೆ ಶನಿವಾರಗಳಲ್ಲಿ ನಾನು ಬೇವಿನ ಮರದ ಕೆಳಗೆ ಖರೆಯಾಗಿಯೂ ಚಪ್ಪಲಿಯನ್ನೇ ನೋಡುತ್ತ ನಿಲ್ಲಬೇಕು. ಕೊನೆಗೆ ಗುಂಡಮ್ಮನಿಗೆ ಕೊಟ್ಟ ಮಾತೇ ಗೆದ್ದಿತು.

ರಾವೂರಿನ ಅವರ ಮನೆಯಲ್ಲಿ ಚಾಪೆಯ ಮೇಲೆ ಕೂತೆ. ಮಾಣಿಕ ಹಾಡಿದ. ಗುಂಡಮ್ಮ ಒಲೆಯ ಬಳಿಯಿಂದ ನನ್ನನ್ನೇ ನೋಡುತ್ತಿದ್ದಳು. ಹಾಡು ಮುಗಿಯಿತು. ನಾನು ಗಂಟಲು ಸರಿಮಾಡಿಕೊಂಡು, ಅಭ್ಯಾಸಬಲದಿಂದ ಸೇಡಂ ಮಾಸ್ತರರ ಸೂತ್ರವನ್ನೇ ಹಿಡಿದೆ.

"ನೋಡು ಮಾಣಿಕಾ, ಹೋಗೋ ಊರಿನ ಹೆಸರ ಗೊತ್ತಿಲ್ಲ ಅಂತಿ. ಟಿಕೀಟಿನ ಮ್ಯಾಲ ಬರದಿರ್ತದ. ಇದು ದೋಷ. ಇನ್ನ, ಊರಿಗೆಲ್ಲ ನೆಲ ಹಾಸಿದ ಅಪ್ಪ, ನಮ್ಮ ಮನಿಗಿ ಸಗಣಿ ನೆಲ ಅಂತ ಆ ಇನ್ನೊಂದು ಕಲ್ಲಿನ ಹಾಡಿನ್ಯಾಗ ಅಂದಿ. ಈ ಚಾಪಿ ಕೆಳಗ ಏನದ? ಪಾಲಿಶ್ ಹೊಡೆದ ಕಲ್ಲು! ಇದು ಸುಳ್ಳು."

"ಅದು ಅವರಪ್ಪ ಸತ್ತ ಮ್ಯಾಲ ಹಾಸಿದ್ದು" ಎಂದಳು ಗುಂಡಮ್ಮ, ರೊಟ್ಟಿ ತಟ್ಟುವುದನ್ನು ನಿಲ್ಲಿಸದೆ.

ನಾನು ಸೋಲೊಪ್ಪದೆ ಮುಂದುವರಿದೆ. ಮಳೆಯ ಹಾಡು, ಗೂಡ್ಸ್ ಗಾಡಿಯ ಹಾಡು, ಶಹಾಬಾದಿನ ಸಂತೆಯ ಹಾಡು. ಒಂದೊಂದರ ಸಾಲನ್ನೂ ಎತ್ತಿ ಹೇಳಿ, ಒಂದೊಂದನ್ನೂ ಕಡಿಯುತ್ತ ಹೋದೆ. ಮಾಣಿಕ ಬಾಯಿ ತೆರೆದು ಕೂತಿದ್ದ. ಸೋತವರು ಹಾಗೆಯೇ ಕೂರುವುದು, ನನಗೆ ಗೊತ್ತು.

"ಮಾಸ್ತರ್ರ," ಎಂದ ಕೊನೆಗೆ, "ಗೂಡ್ಸ್ ಗಾಡಿ ಹಾಡು ನಾ ಒಂದೇ ಸಲ ಹಾಡೀನಿ. ಅದರ ಮೂರನೇ ಸಾಲು ನನಗೇ ಮರ್ತಿತ್ತು."

ಮನೆಯಲ್ಲಿ ರೊಟ್ಟಿಯ ಸದ್ದೂ ನಿಂತಿತು.

"ಮತ್ತ ನೀವು ಮಾತಾಡಿಲ್ಲ," ಎಂದ, "ರಾಗದಾಗ ಹಾಡೀರಿ. ನಿಮಗ ಇಷ್ಟು ಹಿಡಿಸ್ಯಾವಂದ್ರ ಮುಂಬೈಗ್ ನಡದೆ ನಾ!"

ಗುಂಡಮ್ಮ ನನ್ನ ಕಡೆ ನೋಡಿದ ನೋಟಕ್ಕೆ ಹುಣಸೆಮರದ ದೆವ್ವವೂ ಊರು ಬಿಡುತ್ತಿತ್ತು. ನನ್ನ ವಾದಗಳೆಲ್ಲ ಮುಗಿದಿದ್ದವು. ಬಾಯಿಂದ ತಾನಾಗಿ ಬಂದದ್ದು ವಾದವೇ ಅಲ್ಲ: "ನೀ ಹ್ವಾದ್ರ ನಾ ಶನಿವಾರ ಏನ್ ಕೇಳ್ಲೋ ಮಾಣಿಕಾ?"

ಮಾಣಿಕ ಗಿಟಾರನ್ನು ಮೆಲ್ಲಗೆ ಚಾಪೆಯ ಮೇಲಿಟ್ಟ. ಗುಂಡಮ್ಮ ಹಿಟ್ಟಿನ ಕೈ ಒರೆಸಿಕೊಂಡು ಎದ್ದಳು. "ಇಬ್ಬರೂ ಹುಚ್ಚ ಅದೀರಿ. ಪರ್ಮನೆಂಟ್ ಆಗಲಿ, ರೈಲ್ವೆದವ್ರು ಪಾಸ್ ಕೊಡ್ತಾರ. ರಜಾ ಹಾಕಿ ಬಿಟ್ಟಿ ಹೋಗು, ಹಾಡು, ಹೊಳ್ಳಿ ಬಾ. ಬರೂವಾಗ ನನಗೊಂದು ಸೀರಿ ತಾ. ಇದಕ್ಕ ಇಷ್ಟು ಮಾತು ಬೇಕೇನು? ಉಣ್ಣರಿ ಈಗ."

ಹಾಗೆಯೇ ಆಯಿತು. ಮಾಣಿಕ ಪರ್ಮನೆಂಟ್ ಆದ, ಪಾಸಿನಲ್ಲಿ ಹೋಗಿ ಹಾಡಿ ಬಂದ, ಸೀರೆಯೂ ಬಂತು. ಕಥೆ ಇಲ್ಲಿಗೆ ಮುಗಿದಿದ್ದರೆ ನನ್ನ ಹೆದರಿಕೆಯೂ ಮುಗಿಯುತ್ತಿತ್ತು. ಆದರೆ ಅವನು ನನ್ನ ಮೇಲೇ ಒಂದು ಹಾಡು ಕಟ್ಟಿದ್ದಾನೆ. ಬೇವಿನ ಮರದ ಕೆಳಗೆ ಚಪ್ಪಲಿ ಹಿಡಿದು ನಿಂತವನ ಹಾಡು. ಪ್ರತಿ ಶನಿವಾರ ನನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಕೊನೆಗೆ ಅದನ್ನೇ ಹಾಡುತ್ತಾನೆ. ಸತ್ಯ ಹೇಳಬೇಕೆಂದರೆ ಅವನ ಹಾಡುಗಳಲ್ಲೆಲ್ಲ ಅದೇ ಕಳಪೆ. ನಡುವೆ ತಾಳ ಜಾರುತ್ತದೆ, ಕೊನೆಯ ಸಾಲು ಮೊದಲ ಸಾಲನ್ನು ಅಲ್ಲಗಳೆಯುತ್ತದೆ, ನನ್ನ ಮೂಗಿನ ವರ್ಣನೆ ಅನವಶ್ಯಕ. ಇಷ್ಟು ಗಟ್ಟಿಯಾದ, ಇಷ್ಟು ನಿಜವಾದ ಖಂಡನೆ ಯಾವ ಕಪ್ಪಿನ ದಿನವೂ ನನಗೆ ಹೊಳೆದಿರಲಿಲ್ಲ. ಹಾಡು ಮುಗಿಸಿ ಮಾಣಿಕ ನನ್ನತ್ತ ನೋಡುತ್ತಾನೆ. ಹೊಸ ಸೀರೆಯುಟ್ಟ ಗುಂಡಮ್ಮನೂ ನೋಡುತ್ತಾಳೆ.

ನಾನು ಎಲ್ಲರಿಗಿಂತ ಮೊದಲು ಎದ್ದು ನಿಂತು ಚಪ್ಪಾಳೆ ಹೊಡೆಯುತ್ತೇನೆ.