ನರಿತಾದಲ್ಲಿ ಕೂಡಿಸಿದ ಮೂರೂವರೆ ಗಂಟೆ

ಕಾನ್ವೆಂಟಿನಲ್ಲಿ ನನಗೆ ಜಾಗ್ರಫಿಗೆ ಫಸ್ಟ್ ಪ್ರೈಜ್ ಬಂದಿತ್ತು. ಒಂದೇ ಬೆಂಚಿನ ಗೆಳತಿ ಸರೋಜಳಿಗೆ ಸೆಕೆಂಡ್. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಹೇಳಲು ಮುಖವಿರುವುದಿಲ್ಲ.

ಈಗ ಜಪಾನಿನ ಫುನಾಬೊರಿಯಲ್ಲಿ ಮಗಳು ಸುಧಾಳ ಮನೆಯಲ್ಲಿದ್ದೇನೆ. ಕಳೆದ ತಿಂಗಳು ಸರೋಜಳ ಮೆಸೇಜ್ ಬಂತು. ಬೆಂಗಳೂರಿನಿಂದ ಇಲ್ಲಿನ ನರಿತಾ ಏರ್‌ಪೋರ್ಟಿಗೆ ಬರುತ್ತಾಳೆ, ಅಲ್ಲಿಂದ ಸಪ್ಪೊರೊದಲ್ಲಿರುವ ತನ್ನ ಮಗಳ ಮನೆಗೆ ಇನ್ನೊಂದು ವಿಮಾನ. ನಡುವೆ ನಾಲ್ಕೇ ಗಂಟೆ. ನಾವು ಮುಖ ನೋಡಿ ನಲವತ್ತು ವರ್ಷವಾಗಿತ್ತು. ಈ ವಯಸ್ಸಿನಲ್ಲಿ ‘ನೆಕ್ಸ್ಟ್ ಟೈಮ್’ ಎನ್ನುವ ಮಾತನ್ನು ನಾನು ಆಡುವುದಿಲ್ಲ.

ಟಿಕೆಟ್ಟಿನಲ್ಲಿ ಬೆಂಗಳೂರು ಬಿಡುವುದು ರಾತ್ರಿ ಒಂದಕ್ಕೆ, ನರಿತಾ ಸೇರುವುದು ಮಧ್ಯಾಹ್ನ ಒಂದಕ್ಕೆ ಎಂದಿತ್ತು. ಸುಧಾ ಫೋನಿನಲ್ಲಿ ನೋಡಿ ಹೇಳುತ್ತೇನೆಂದಳು. ಫಸ್ಟ್ ಪ್ರೈಜ್ ಬಂದವಳಿಗೆ ಫೋನೇಕೆ? ಪೂರ್ವಕ್ಕೆ ಹೋದರೆ ಗಂಟೆ ಕೂಡಿಸಬೇಕು, ಜಪಾನ್ ಮೂರೂವರೆ ಗಂಟೆ ಮುಂದೆ. ಕೂಡಿಸಿದೆ. ನಾಲ್ಕೂವರೆ! ಸಪ್ಪೊರೊ ವಿಮಾನ ಐದಕ್ಕೆ ಎಂದಿತ್ತು. ಪಕ್ಷಪಾತ ಸಲ್ಲದೆಂದು ಅದಕ್ಕೂ ಕೂಡಿಸಿದೆ. ಎಂಟೂವರೆ.

ಮೊಮ್ಮಗಳ ಗ್ಲೋಬಿನ ಮೇಲೆ ದಾರವಿಟ್ಟು ದೂರವನ್ನೂ ಅಳೆದೆ. ಎಂಟೊಂಬತ್ತು ಗಂಟೆಯ ದಾರಿ ಎಂದಿತು ದಾರ. ನನ್ನ ಲೆಕ್ಕ ಹದಿನೈದೂವರೆ ಎನ್ನುತ್ತಿತ್ತು. ಮಿಕ್ಕ ಸಮಯ ಊಟ ಬಡಿಸಲು ವಿಮಾನ ನಿಧಾನ ಮಾಡುತ್ತದೆಂದು ತೀರ್ಮಾನಿಸಿದೆ.

ಸರಿಯಾಗಿ ನಾಲ್ಕೂವರೆಗೆ ಚಿತ್ರಾನ್ನದ ಡಬ್ಬಿಯೊಂದಿಗೆ ನರಿತಾದಲ್ಲಿದ್ದೆ. ಸರೋಜ ಆಗಲೇ ಕೂತು, ಕೊಂಬಿನಿ ಅಂಗಡಿಯಲ್ಲಿ ಕೊಂಡ ಅನ್ನದುಂಡೆಯ ಪ್ಲಾಸ್ಟಿಕ್ ಬಿಡಿಸಲಾರದೆ ಒದ್ದಾಡುತ್ತಿದ್ದಳು.

“ಸಾರಿ ಕಣೇ, ತುಂಬ ಕಾಯಿಸಿದ್ನಾ?”

ಅವಳು ಕೈಗಡಿಯಾರ ನೋಡಿಕೊಂಡಳು. “ಇಲ್ವೇ, ಕರೆಕ್ಟಾಗಿ ಒಂದು ಗಂಟೆಗೇ ಬಂದಿದೀಯ. ನಮ್ಮ ಪ್ಲೇನೇ ಮೂರೂವರೆ ಗಂಟೆ ಮುಂಚೆ ಬಂದ್ಬಿಡ್ತು. ಪೈಲಟ್ ಬಹಳ ಸ್ಮಾರ್ಟ್.”

ಅವಳ ಗಡಿಯಾರ ಇನ್ನೂ ಬೆಂಗಳೂರಿನಲ್ಲೇ ಇದೆಯೆಂದು ನನಗೆ ಹೊಳೆಯಲಿಲ್ಲ. ಅವಳ ಪ್ರಕಾರವೂ ಮುಂದಿನ ವಿಮಾನಕ್ಕೆ ನಾಲ್ಕು ಗಂಟೆ, ನನ್ನ ಪ್ರಕಾರವೂ ನಾಲ್ಕು ಗಂಟೆ. ಇಬ್ಬರ ಉತ್ತರವೂ ಒಂದೇ ಆದ ಮೇಲೆ ಅನುಮಾನವೆಲ್ಲಿ? ಚಿತ್ರಾನ್ನ ಬಿಚ್ಚಿದೆವು. ನಮಗೆ ಹೊಲಿಗೆ ಕಲಿಸುತ್ತಿದ್ದ ಸಿಸ್ಟರ್ ಅವರಿಂದ ಶುರುವಾದ ಮಾತು ಮಂಡಿನೋವಿಗೆ ಬರುವಷ್ಟರಲ್ಲಿ ಮೈಕಿನಲ್ಲಿ ಜಪಾನಿ ಭಾಷೆಯಲ್ಲಿ ಏನೇನೋ ಹೇಳಿ, ನಡುವೆ ‘ಸರೋಜಾ-ಸಾಮಾ’, ಅಂದರೆ ಸರೋಜಾ ಅವರೇ, ಎಂದರು. ಇವಳು ಬಂದದ್ದಕ್ಕೆ ವೆಲ್‌ಕಮ್ ಹೇಳುತ್ತಿದ್ದಾರೆಂದು ಹೆಮ್ಮೆಪಟ್ಟೆವು.

ಐದೂವರೆಗೆ ಸುಧಾ ಫೋನ್ ಮಾಡಿ ಆಂಟಿ ಹೊರಟರೇ ಎಂದು ಕೇಳಿದಳು. ಎಂಟೂವರೆಗಲ್ಲವೇ ಎಂದೆ.

“ಅಮ್ಮಾ, ಟಿಕೆಟ್‌ನಲ್ಲಿ ಆಯಾ ಊರಿನ ಟೈಮೇ ಹಾಕಿರ್ತಾರೆ. ನೀನು ಏನೂ ಕೂಡಿಸೋ ಹಾಗಿರ್ಲಿಲ್ಲ.”

ಕೌಂಟರಿಗೆ ಓಡಿದೆವು. ಓಡಿದೆವು ಎಂಬುದು ಮರ್ಯಾದೆಗೆ ಬರೆದದ್ದು. ಕ್ಷಮೆ ಕೇಳಿ ನಾನು ಹೇಳಬೇಕಿದ್ದ ಸುಮಿಮಾಸೆನ್‌ಗಳನ್ನೆಲ್ಲ ಅಲ್ಲಿದ್ದ ಹುಡುಗಿಯೇ ಬಾಗಿ ಬಾಗಿ ಹೇಳಿದಳು. ಇನ್ನು ಸೀಟಿರುವುದು ನಾಳೆ ಬೆಳಿಗ್ಗೆಯ ವಿಮಾನದಲ್ಲಿ. ಸಪ್ಪೊರೊದ ಮಗಳು ಫೋನಿನಲ್ಲಿ ಇಬ್ಬರಿಗೂ ಸೇರಿಸಿ ಬೈದಳು. ಬೈಸಿಕೊಳ್ಳುತ್ತಲೇ ನನಗೆ ಒಳಗೊಳಗೇ ಖುಷಿ. ನಾಳೆಯವರೆಗೆ ಸರೋಜ ನನ್ನವಳು.

ಫುನಾಬೊರಿಗೆ ಹೋಗುವ ಟ್ರೈನಿನಲ್ಲಿ ಅವಳು ಮೆಲ್ಲಗೆ ಕೇಳಿದಳು. “ಫಸ್ಟ್ ಪ್ರೈಜ್ ಬಂದೋಳು ನೀನು. ನೀನು ಹೇಗೇ ತಪ್ಪಿದೆ?”

ಇಷ್ಟು ವರ್ಷ ಬಚ್ಚಿಟ್ಟದ್ದನ್ನು ಹೇಳಿಯೇಬಿಟ್ಟೆ. “ಆ ಪೇಪರ್ ನಿನ್ನದು ನೋಡಿ ಬರೆದಿದ್ದೆ ಕಣೇ.”

ಸರೋಜ ನನ್ನ ಕಡೆ ತಿರುಗಿದಳು.

“ನಾನು ನಿನ್ನದು ನೋಡಿ ಬರೆದಿದ್ದೆ,” ಎಂದಳು.