ಅರ್ಧ ವಾಕ್ಯದ ಟೀಚರ್

ನಮ್ಮ ಶಾಲೆಯಲ್ಲಿ ಒಬ್ಬರು ಟೀಚರ್ ಇದ್ದಾರೆ. ಅವರು ಧೈರ್ಯ ತುಂಬಲು ಎದ್ದು ನಿಂತರೆ ಸಾಕು, ನಮ್ಮಲ್ಲಿದ್ದ ಧೈರ್ಯವೂ ಹೋಗುತ್ತದೆ! ಹೆಸರು ಮಾತ್ರ ಹೇಳಲಾರೆ. ಅವರಿಗೆ ಮುಂದಿನ ವರ್ಷ ನಿವೃತ್ತಿ. ಅಷ್ಟರವರೆಗೆ ನಾನು ಸ್ಟಾಫ್ ರೂಮಿನಲ್ಲಿ ಅವರ ಪಕ್ಕದಲ್ಲೇ ಕೂರಬೇಕಲ್ಲ?

ಶಾಲೆ ಶುರುವಾಗುವ ದಿನ ಬೆಳಿಗ್ಗೆ ಸ್ಟಾಫ್ ರೂಮಿನಲ್ಲಿ ಪ್ರಾರ್ಥನೆ, ಆಮೇಲೆ ಹಿರಿಯರೊಬ್ಬರಿಂದ ಪ್ರೋತ್ಸಾಹದ ಮಾತು. ಹಿರಿಯರೆಂದರೆ ಇವರೇ. ಲೋಕದಲ್ಲಿ ನಿಮಗೆ ಕಷ್ಟ ಬರುತ್ತದೆ, ಆದರೂ ಧೈರ್ಯವಾಗಿರಿ ಎಂದು ಯೇಸು ಶಿಷ್ಯರಿಗೆ ಹೇಳಿದ್ದು ಬೈಬಲಿನಲ್ಲಿದೆ. ಇವರು ಕಷ್ಟ ಬರುತ್ತದೆ ಎನ್ನುವವರೆಗೆ ಓದಿ, ಕನ್ನಡಕ ತೆಗೆದು ಕೂತುಬಿಡುತ್ತಾರೆ. ಉಳಿದರ್ಧ ಎಲ್ಲಿ ಎಂದು ಕೇಳುವವರು ಯಾರು?

ಒಂದು ವರ್ಷ ಒಂದನೇ ಕ್ಲಾಸಿನ ಮಕ್ಕಳನ್ನು ಸ್ವಾಗತಿಸಲು ಇವರನ್ನು ಕಳುಹಿಸಿದರು. ನಿಮ್ಮ ಕೊಡೆ ಕಳೆದುಹೋಗುತ್ತದೆ, ಬಸ್ಸು ತಪ್ಪುತ್ತದೆ, ಅಮ್ಮನ ನೆನಪಾಗಿ ಅಳು ಬರುತ್ತದೆ ಎಂದರು. ಮಕ್ಕಳು ಅತ್ತರು. ಬಾಗಿಲಲ್ಲಿದ್ದ ಅಮ್ಮಂದಿರು ಇನ್ನೂ ಜೋರಾಗಿ ಅತ್ತರು! ಜುಲೈಯಲ್ಲಿ ಕೊಡೆ ಕಳೆದುಕೊಂಡ ಮಕ್ಕಳೆಲ್ಲ ಇವರ ಕಪಾಟಿನ ಮುಂದೆ ನಿಂತರು. ಅದರೊಳಗೆ ಅಂಥವರಿಗೆಂದೇ ಎತ್ತಿಟ್ಟ ಹದಿಮೂರು ಹಳೆಯ ಕೊಡೆಗಳಿದ್ದವು.

ಹೊಸದಾಗಿ ಸೇರಿದ ಗಣಿತದ ಟೀಚರಿಗೆ ಇವರು ಕೊಟ್ಟ ಆಶೀರ್ವಾದ ಕೇಳಿ: "ಆಗಸ್ಟಿನ ಒಳಗೆ ನಿನಗೆ ಅಳು ಬರ್ತದೆ. ಅಳುವುದಾದರೆ ಮಾಳಿಗೆಯ ಬಾತ್‌ರೂಮಿಗೆ ಹೋಗು, ಅದರ ಚಿಲಕ ಗಟ್ಟಿ ಉಂಟು." ಪಾಪ, ಅವಳು ಜುಲೈಯಲ್ಲೇ ಹೋದಳು. ಚಿಲಕ ಗಟ್ಟಿ ಇತ್ತಂತೆ.

ಈ ವರ್ಷ ಹೆಡ್ಮಿಸ್ಟ್ರೆಸ್ ಇವರ ಬಾಯಿಗೆ ವಿಶ್ರಾಂತಿ ಕೊಟ್ಟು, ಹೊರಗಿನಿಂದ ಒಬ್ಬ ಭಾಷಣಕಾರರನ್ನು ಕರೆಸಿದರು. ನನಗೆ ಯಾರ ಭಾಷಣವೂ ಬೇಕಿರಲಿಲ್ಲ. ಏಪ್ರಿಲಿನಲ್ಲಿ ನನ್ನ ಗಂಡ ಗಲ್ಫಿನಲ್ಲಿ ಕೆಲಸದ ಜಾಗದಲ್ಲೇ ಕುಸಿದು ತೀರಿಹೋದರು. ಊರಿಗೆ ತಂದು ಕುಲಶೇಖರದ ಚರ್ಚಿನ ಸ್ಮಶಾನದಲ್ಲಿ ಮಣ್ಣು ಮಾಡಿ ಏಳು ವಾರ ಆಗಿತ್ತು. ಮಕ್ಕಳ ಮುಂದೆ ನಿಂತು ಹಾಜರಿ ಕರೆಯಲು ನನ್ನಿಂದಾಗದು ಎಂಬ ಹೆದರಿಕೆಯಲ್ಲಿ, ರಾಜೀನಾಮೆ ಬರೆದು ಬ್ಯಾಗಿನಲ್ಲಿಟ್ಟುಕೊಂಡೇ ಬಂದಿದ್ದೆ.

ಎಲ್ಲರೂ ಪಕ್ಕದವರ ಮುಖ ನೋಡಿ ನಗಬೇಕು, ಇದು ನನ್ನ ಜೀವನದ ಅತ್ಯುತ್ತಮ ವರ್ಷ ಎಂದು ಮೂರು ಸಲ ಹೇಳಬೇಕು ಎಂದರು ಭಾಷಣಕಾರರು. ನನ್ನ ಪಕ್ಕದಲ್ಲಿ ಇವರು. ನಗಲಿಲ್ಲ. ನನಗೂ ಆಗಲಿಲ್ಲ. ಎದ್ದು ಮಾಳಿಗೆಗೆ ಓಡಿದೆ.

ಬಾತ್‌ರೂಮಿನ ಚಿಲಕಕ್ಕೆ ಹೊಸದಾಗಿ ಎಣ್ಣೆ ಬಿಟ್ಟಿದ್ದರು. ಮೊಳೆಯಲ್ಲಿ ಒಗೆದ ಟವೆಲ್ ಇತ್ತು. ಎಷ್ಟು ಹೊತ್ತು ಅತ್ತೆನೋ, ಬೆಲ್ ಹೊಡೆದರೂ ಹೊರಗೆ ಬರಲಾಗಲಿಲ್ಲ. ಆಗ ಬಾಗಿಲ ಆಚೆ ಇವರ ದನಿ ಕೇಳಿಸಿತು. ಕೆಳಗಿನದ್ದಕ್ಕೆ ಹೋಗಿ, ಇಲ್ಲಿ ನೀರಿಲ್ಲ ಎಂದು ಹುಡುಗಿಯರನ್ನು ಓಡಿಸುತ್ತಿದ್ದರು. ನಲ್ಲಿಯಲ್ಲಿ ನೀರು ಧಾರಾಳ ಬರುತ್ತಿತ್ತು!

ಬಾಗಿಲು ತೆರೆದೆ. ಅವರ ಕೈಯಲ್ಲಿ ನನ್ನ ಕ್ಲಾಸಿನ ಹಾಜರಿ ಪುಸ್ತಕವಿತ್ತು.

"ಈ ವರ್ಷ ನಿನಗೆ ಕಷ್ಟವೇ. ನಾಳೆಯೂ ಅಳು ಬರ್ತದೆ, ಕ್ರಿಸ್‌ಮಸ್‌ಗೆ ಇನ್ನೂ ಜಾಸ್ತಿ," ಎಂದರು. ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಆದರೆ ಅವರು ಕನ್ನಡಕ ತೆಗೆಯಲಿಲ್ಲ. ಪುಸ್ತಕವನ್ನು ನನ್ನ ಕೈಗಿಟ್ಟು, "ಆದರೂ ಧೈರ್ಯ ಮಾಡು ಮಾರಾಯ್ತಿ. ನಾನು ಬಾಗಿಲ ಹತ್ತಿರ ನಿಲ್ತೇನೆ," ಎಂದರು.

ಹಾಜರಿ ಕರೆದೆ. ನಲವತ್ತೊಂದು ಹೆಸರು ಮುಗಿಯುವವರೆಗೂ ಅವರು ಬಾಗಿಲಲ್ಲೇ ನಿಂತಿದ್ದರು.